ಬಟರ್‌ಫ್ಲೈ ಚಾಕು ಬೇರೆ, ಟ್ರೇನರ್ ಬೇರೆ

ಸಂಪಾದಕರೇ, ಬಟರ್‌ಫ್ಲೈ ಚಾಕು (ಎರಡು ಹಿಡಿ ತಿರುಗಿ ಬಂದು ಅಲುಗನ್ನ ಮುಚ್ಚೋ ಮಡಚು ಚಾಕು) ಅಂದ ತಕ್ಷಣ ರೌಡಿಗಳ ಸಾಮಾನು ಅಂತ ಮುಖ ಸಿಂಡರಿಸೋರೇ ಜಾಸ್ತಿ, ಆದ್ರೆ ಫಿಲಿಪೀನ್ಸ್‌ನ ಬಟಾಂಗಾಸ್ ಕಡೆ ಬಾಲಿಸಾಂಗ್ ಅಂತ ಇದನ್ನ ಮಾಡೋದು ತಲೆಮಾರುಗಳ ಕಸುಬು. ಕೈಯಲ್ಲಿ ತಿರುಗಿಸೋ ಆಟಕ್ಕೆ ಹರಿತ ಬೇಕೇ ಇಲ್ಲ, ಅಲುಗು ಮೊಂಡಾಗಿರೋ ಟ್ರೇನರ್ ಸಾಕು. ಕೊಳ್ಳೋವಾಗ ಎಲ್ರೂ ಬಣ್ಣ ನೋಡ್ತಾರೆ, ನೋಡ್ಬೇಕಿರೋದು ಹಿಡಿ ಅಲುಗಿಗೆ ಸೇರೋ ಕೀಲು, ಅಂದ್ರೆ ಪಿವಟ್, ಅಲ್ಲಿ ಬುಶಿಂಗ್ (ಸ್ಕ್ರೂ ಸುತ್ತ ಕೂರೋ ಪುಟ್ಟ ಕೊಳವೆ) ಇದ್ರೆ ಸ್ಕ್ರೂ ಪೂರ್ತಿ ಬಿಗಿ ಮಾಡಿದ್ರೂ ಸಲೀಸಾಗಿ ತಿರುಗುತ್ತೆ, ಬರೀ ವಾಷರ್ ಇರೋ ಅಗ್ಗದ್ದು ಒಂದೋ ಲೊಡಲೊಡ ಅನ್ನುತ್ತೆ ಇಲ್ಲಾ ಬಿಗಿಯಾಗಿ ಕೂತ್ಬಿಡುತ್ತೆ. ಅಸಲಿ ಅಲುಗಿನದ್ದನ್ನ ಕಲೆಕ್ಟ್ ಮಾಡೋರು ಮಾತ್ರ ಕಾನೂನು ನೋಡ್ಲೇಬೇಕು, ಬ್ರಿಟನ್‌ನಲ್ಲಿ 1988ರಿಂದಲೇ ಮಾರಾಟ ಬಂದ್. ಹರಿತದ ಕಡೆ ಮುಚ್ಕೊಳ್ಳೋ ಹಿಡಿ ಹಿಡ್ಕೊಂಡು ತಿರುಗಿಸಿದ್ರೆ ಏಟು ನೇರ ಬೆರಳಿಗೇ (ವಿಡಿಯೊ ಹಾಕೋ ಎಷ್ಟೋ ಜನ ಇದನ್ನ ಹೇಳೋದೇ ಇಲ್ಲ). ದಯವಿಟ್ಟು ಸುದ್ದಿಯಲ್ಲಿ ಚಾಕು, ಟ್ರೇನರ್ ಎರಡನ್ನೂ ಒಂದೇ ಅಂತ ಬರೀಬೇಡಿ.

– ಒಬ್ಬ ಓದುಗ