ಮಾದಕ ವಸ್ತು ಬಳಸಿದ ವಿದ್ಯಾರ್ಥಿಗಳ ಬಗ್ಗೆ ಶಾಲೆಯ ನಿಲುವು: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಮಾದಕ ವಸ್ತು ಬಳಸಿದ ವಿದ್ಯಾರ್ಥಿಯನ್ನು ಕೂಡಲೇ ಶಾಲೆಯಿಂದ ತೆಗೆದುಹಾಕಬೇಕೆಂದು ನಿಮ್ಮಲ್ಲಿ ಕೆಲವರು ಕೇಳಿಕೊಂಡಿದ್ದೀರಿ. ನಿಮ್ಮ ಮಕ್ಕಳ ಮೇಲಿನ ಕಾಳಜಿಯೇ ಆ ಮಾತನ್ನು ಆಡಿಸಿದೆಯೆಂದು ಬಲ್ಲೆ. ಆದರೂ ನಮ್ಮ ಶಾಲೆ ಆ ದಾರಿ ಹಿಡಿಯುವುದಿಲ್ಲ.

ಮಾದಕ ವಸ್ತುಗಳ ಅವಲಂಬನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಹದಿಹರೆಯದಲ್ಲಿ ಆತುರಕ್ಕೆ ಕಡಿವಾಣ ಹಾಕುವ ಮಿದುಳಿನ ಭಾಗ ಇನ್ನೂ ಬಲಿತಿರುವುದಿಲ್ಲವಾದ್ದರಿಂದ, ಬಳಕೆ ಚಿಕ್ಕ ವಯಸ್ಸಿನಲ್ಲಿ ಆರಂಭವಾದಷ್ಟೂ ಚಟವಾಗಿ ಬೇರೂರುವ ಅಪಾಯ ಹೆಚ್ಚು. ಇಂತಹ ಮಗುವನ್ನು ಹೊರಗೆ ಕಳುಹಿಸಿದರೆ ಪಾಠ, ಗೆಳೆಯರು, ದಿನಚರಿ ಎಲ್ಲವೂ ಒಮ್ಮೆಲೇ ಕೈತಪ್ಪಿ, ಆ ವಸ್ತುವನ್ನು ತಂದುಕೊಡುವವರ ಸಹವಾಸವೊಂದೇ ಉಳಿಯುತ್ತದೆ.

ಶಿಕ್ಷೆಯ ಭಯ ಜೀವಕ್ಕೂ ಎರವಾಗಬಲ್ಲದು. ಹೆರಾಯಿನ್‌ನಂತಹ ವಸ್ತುವಿನ ಪ್ರಮಾಣ ಮಿತಿಮೀರಿದಾಗ ಉಸಿರಾಟ ಕುಗ್ಗುತ್ತಾ ಹೋಗುತ್ತದೆ. ಸಕಾಲದಲ್ಲಿ ನಲೋಕ್ಸೋನ್ ಎಂಬ ಔಷಧ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಚೇತರಿಕೆ ಸಾಧ್ಯ. ಆದರೆ ಪಕ್ಕದಲ್ಲಿರುವ ಗೆಳೆಯ ತಾನೂ ಸಿಕ್ಕಿಬೀಳುವೆನೆಂದು ಹೆದರಿ ಯಾರನ್ನೂ ಕರೆಯದಿದ್ದರೆ ಆ ಔಷಧವಿದ್ದೂ ಪ್ರಯೋಜನವಿಲ್ಲ. ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಿ: ಕೆಲಕಾಲ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಾಳಲಾರದು. ಮತ್ತೆ ಜಾರಿದ ಮಗು ಅದನ್ನು ನಾಚಿಕೆಯಿಂದ ಬಚ್ಚಿಡುವಂತಾದರೆ ಅದೇ ಅತ್ಯಂತ ಅಪಾಯದ ಗಳಿಗೆ.

ಪೋರ್ಚುಗಲ್ ದೇಶವು 2001ರ ಜುಲೈನಿಂದ, ಸ್ವಂತ ಬಳಕೆಗೆ ಹತ್ತು ದಿನಕ್ಕೆ ಸಾಲುವಷ್ಟು ಮಾದಕ ವಸ್ತು ಇಟ್ಟುಕೊಂಡವರನ್ನು ಅಪರಾಧಿಗಳೆಂದು ಪರಿಗಣಿಸದೆ, ಅವರ ಸ್ಥಿತಿಗತಿ ವಿಚಾರಿಸಿ ಅಗತ್ಯವಿದ್ದರೆ ಚಿಕಿತ್ಸೆಯತ್ತ ಕಳುಹಿಸುವ ಸಮಿತಿಗಳ ಮುಂದೆ ಹಾಜರುಪಡಿಸುತ್ತಿದೆ. ಮಾರಾಟ ಅಲ್ಲಿ ಇಂದಿಗೂ ಅಪರಾಧವೇ. ಚಿಕಿತ್ಸಾ ಸೇವೆಗಳನ್ನೂ ಜೊತೆಗೇ ವಿಸ್ತರಿಸಿದ ಆ ದೇಶದಲ್ಲಿ, ಮಾದಕ ವಸ್ತುಗಳನ್ನು ಚುಚ್ಚಿಕೊಳ್ಳುವವರ ನಡುವೆ ಹೊಸ ಎಚ್‌ಐವಿ ಸೋಂಕು ಮುಂದಿನ ವರ್ಷಗಳಲ್ಲಿ ಬಹಳವಾಗಿ ಇಳಿಯಿತು. ಚಿಕಿತ್ಸೆಯಿಲ್ಲದ ಬರಿಯ ಸಡಿಲಿಕೆ ನನ್ನ ದೃಷ್ಟಿಯಲ್ಲಿ ಕರುಣೆಯಲ್ಲ, ನಿರ್ಲಕ್ಷ್ಯ.

ಆದ್ದರಿಂದ ತಾನಾಗಿ ಬಂದು ಹೇಳಿಕೊಂಡ ವಿದ್ಯಾರ್ಥಿಯ ಹೆಸರು ತರಗತಿಯಲ್ಲಿ ಬಹಿರಂಗವಾಗುವುದಿಲ್ಲ, ದಾಖಲಾತಿ ರದ್ದಾಗುವುದಿಲ್ಲ. ಆಪ್ತಸಮಾಲೋಚಕರು, ಪೋಷಕರು ಮತ್ತು ವೈದ್ಯರು ಸೇರಿ ಮುಂದಿನ ದಾರಿ ನಿರ್ಧರಿಸುತ್ತಾರೆ. ಚಿಕಿತ್ಸೆಗೆ ಹೋದ ದಿನಗಳ ಪಾಠವನ್ನು ಶಿಕ್ಷಕರು ಬಿಡುವಿನಲ್ಲಿ ಹೇಳಿಕೊಡುತ್ತಾರೆ. ಇತರ ಮಕ್ಕಳಿಗೆ ಹಂಚುವುದನ್ನು ಮಾತ್ರ ನಾವು ಸಹಿಸುವುದಿಲ್ಲ.

ಮಗುವಿನ ಚೀಲದಲ್ಲಿ ಅನುಮಾನಾಸ್ಪದವಾದುದೇನಾದರೂ ಕಂಡರೆ ದಯವಿಟ್ಟು ಆ ಕ್ಷಣದ ಸಿಟ್ಟಿನಲ್ಲಿ ಹೊಡೆಯಬೇಡಿ, ನೆಂಟರ ಮುಂದೆ ಹೀಯಾಳಿಸಬೇಡಿ. ಎಂದಿನಿಂದ, ಯಾರೊಂದಿಗೆ, ಯಾವ ನೋವಿಗೆ ಎಂದು ಸಮಾಧಾನದಿಂದ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಬಳಿಕ ನನ್ನ ಬಳಿಗೆ ಬನ್ನಿ. ನಿಮ್ಮೊಂದಿಗೆ ವೈದ್ಯರ ಬಳಿಗೆ ಬರಲು ನಾನು ಸಿದ್ಧಳಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ