ಮಗಳಿಗೊಂದು ಪತ್ರ: ನಲ್ಲಿಯ ಸದ್ದು

ಪುಟ್ಟಿ,

ಶನಿವಾರ ಬಚ್ಚಲಲ್ಲಿ ಮಗುವಿನ ಮುಂದೊಗಲನ್ನು, ಅಂದರೆ ಉಚ್ಚೆ ಮಾಡುವ ಜಾಗದ ತುದಿಯ ಚರ್ಮವನ್ನು, ನಾನು ಹಿಂದಕ್ಕೆ ಎಳೆದು ತೊಳೆಯಲು ಹೋದದ್ದು, ನೀನು ತಡೆದದ್ದು, ಅದನ್ನೆಲ್ಲ ಮತ್ತೆ ಎತ್ತುವುದಿಲ್ಲ. ಇಬ್ಬರೂ ಅಲ್ಲೇ ಇದ್ದೆವು. ನೀನು ಮಗುವನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಹೊರಟುಹೋದೆ. ಅವತ್ತಿನಿಂದ ಫೋನ್ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವಾದರೆ ನೀನು ನಡುವೆ ಬಾಯಿ ಹಾಕುವುದಕ್ಕೂ ಆಗುವುದಿಲ್ಲ, ಅದೂ ಒಂದು ಅನುಕೂಲ.

ಎಳೆಯಬಾರದು ಅಂತ ನೀನು ಹೇಳಿದ್ದೇ ಸರಿ. ಹೇಳಿದ ರೀತಿ ಸರಿಯಿರಲಿಲ್ಲ, ಆದರೆ ಅದು ಬೇರೆ ಮಾತು. ಸೋಮವಾರ ನಾನೇ ಹೋಗಿ ಮಕ್ಕಳ ಡಾಕ್ಟರನ್ನು ಕೇಳಿಕೊಂಡು ಬಂದೆ. ಹುಟ್ಟಿದಾಗ ಮುಂದೊಗಲು ಒಳಗಿನ ತುದಿಗೆ ಅಂಟಿಕೊಂಡೇ ಇರುತ್ತದಂತೆ, ಉಗುರು ಬೆರಳಿಗೆ ಅಂಟಿಕೊಂಡ ಹಾಗೆ. ಮಗು ಬೆಳೆಯುತ್ತಾ ಅದು ತಾನಾಗೇ ಬಿಟ್ಟುಕೊಳ್ಳುತ್ತದೆ. ಕೆಲವರಿಗೆ ಮೂರು ವರ್ಷಕ್ಕೆ, ಕೆಲವರಿಗೆ ಹತ್ತು ದಾಟಿದರೂ ಇಲ್ಲ. ಯಾಕೋಬ್ ಓಸ್ಟರ್ ಅಂತ ಡೆನ್ಮಾರ್ಕಿನ ವೈದ್ಯರೊಬ್ಬರು ಶಾಲೆಯ ಹುಡುಗರನ್ನು ಪರೀಕ್ಷಿಸಿ 1968ರಲ್ಲೇ ಬರೆದಿದ್ದಾರೆ. 6–7 ವರ್ಷದವರಲ್ಲಿ 100ಕ್ಕೆ 8 ಮಂದಿಗೆ ಚರ್ಮ ಹಿಂದೆ ಸರಿಯದಷ್ಟು ಬಿಗಿ ಇತ್ತು. 16–17ರ ಹೊತ್ತಿಗೆ 100ಕ್ಕೆ ಒಬ್ಬನಿಗೆ. 1968! ನಿನ್ನಣ್ಣ ಹುಟ್ಟುವುದಕ್ಕೆ ಎಷ್ಟೋ ಮೊದಲು. ನನಗೆ ಯಾರೂ ಹೇಳಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಅಣ್ಣನಿಗೆ 17ನೇ ವಯಸ್ಸಿನಲ್ಲಿ ಆಪರೇಷನ್ ಆಯಿತಲ್ಲ, ಅದು ಹರ್ನಿಯಾ ಅಲ್ಲ. ನಿನಗೆ ಹಾಗೆ ಹೇಳಿದ್ದೆವು.

ಅವನಿಗೆ ಮೂರು ವರ್ಷವಾಗಿದ್ದಾಗ ಯಾರೋ ಹೇಳಿದರು, ದಿನಾ ಹಿಂದಕ್ಕೆ ಎಳೆದು ತೊಳೆಯದಿದ್ದರೆ ಕೊಳೆ ಸೇರುತ್ತದೆ ಅಂತ. ನಾನು ಎಳೆದೆ. ಅವನು ಅತ್ತ. ಒಂದು ದಿನ ರಕ್ತ ಬಂತು. ಆಮೇಲೆ ಉಚ್ಚೆಗೆ ಹೋಗಲು ಹೆದರಿ ಕಾಲು ಒತ್ತಿಕೊಂಡು ನಿಲ್ಲುತ್ತಿದ್ದ. ಗಾಬರಿಯಾಗಿ ಬಿಟ್ಟುಬಿಟ್ಟೆ. ಗಾಯ ವಾಸಿಯಾಯಿತು ಅಂದುಕೊಂಡೆ. ಅಲ್ಲಿ ಕಲೆ ಕಟ್ಟಿತ್ತು. ಸುಲಿದು ಒಣಗಿದ ಚರ್ಮ ಹಿಗ್ಗುವುದಿಲ್ಲ.

ನಲ್ಲಿಯ ವಿಷಯ ನಿನಗೂ ನೆನಪಿರಬಹುದು. ಹನ್ನೆರಡು ಹದಿಮೂರರಿಂದ ಅವನು ಬಚ್ಚಲಿಗೆ ಹೋದರೆ ಮೊದಲು ನಲ್ಲಿ ತಿರುಗಿಸುತ್ತಿದ್ದ. ಹತ್ತು ನಿಮಿಷ ನೀರು ಸುರಿಯುತ್ತಲೇ ಇರುತ್ತಿತ್ತು. ನಾನು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದೆ. ನೀರಿಗೇನು ಬೆಲೆ ಇಲ್ವಾ ಅಂತ ಕೂಗುತ್ತಿದ್ದೆ. ನೀನು ನಗುತ್ತಿದ್ದೆ. ಅವನು ಮಾತಾಡದೆ ಹೊರಗೆ ಬಂದು ಕೋಣೆ ಸೇರುತ್ತಿದ್ದ. ನಾಲ್ಕು ವರ್ಷ ಹಾಗೇ ನಡೆಯಿತು. ಉಚ್ಚೆ ಎಳೆಯಾಗಿ, ತಡೆದು ತಡೆದು ಬರುತ್ತಿತ್ತು. ಉರಿಗೆ ನರಳಿದರೆ ನಮಗೆ ಕೇಳಿಸಬಾರದು ಅಂತ ನೀರು ಬಿಡುತ್ತಿದ್ದ. ನಾನು ನೀರಿನ ಲೆಕ್ಕ ಕೇಳುತ್ತಿದ್ದೆ.

ಕೊನೆಗೆ ಜ್ವರ ಬಂದು, ಚರ್ಮ ಸೀಳಿ ಕೀವಾದ ಮೇಲೆ ನಿಮ್ಮಪ್ಪನ ಹತ್ತಿರ ಬಾಯಿಬಿಟ್ಟ. ಮೂತ್ರದ ತೊಂದರೆ ನೋಡುವ ಡಾಕ್ಟರ್, ಯೂರಾಲಜಿಸ್ಟ್ ಹತ್ತಿರ ಹೋದೆವು. ಅವರು ನೋಡಿ, ಸಮಾಧಾನವಾಗಿಯೇ ಕೇಳಿದರು: ಚಿಕ್ಕಂದಿನಲ್ಲಿ ಯಾರಾದರೂ ಬಲವಂತವಾಗಿ ಎಳೆದು ತೊಳೆಯುತ್ತಿದ್ದರಾ? ನಾನು "ಇಲ್ಲ" ಅಂದೆ. ಪಕ್ಕದಲ್ಲೇ ಅವನು ಕೂತಿದ್ದ. ಅವನಿಗೆ ಅದೆಲ್ಲ ನೆನಪಿಲ್ಲ, ಮೂರು ವರ್ಷದ ಮಗುವಿಗೆ ಏನು ನೆನಪಿರುತ್ತದೆ. ಮುಲಾಮು ಕೊಟ್ಟು ನೋಡಿದರು, ಕಲೆ ಗಟ್ಟಿಯಾಗಿದ್ದರಿಂದ ಬಗ್ಗಲಿಲ್ಲ. ಸುನ್ನತಿ ಮಾಡಿಸಬೇಕಾಯಿತು. ಅವತ್ತೇ ಮನೆಗೆ ಕಳಿಸಿದರು, ಕೆಲವು ವಾರಗಳಲ್ಲಿ ವಾಸಿಯಾಯಿತು. ಅಷ್ಟು ಸುಲಭವಾಗಿತ್ತು. ಅದಕ್ಕೆ ನಾಲ್ಕು ವರ್ಷ ನರಳಿದ.

ಹಾಗಿದ್ದರೆ ಶನಿವಾರ ಮತ್ತೆ ಯಾಕೆ ಕೈ ಹಾಕಿದೆ ಅಂತ ಕೇಳುತ್ತೀಯ. ಮಗು ಉಚ್ಚೆ ಮಾಡುವಾಗ ತುದಿ ಬಲೂನಿನ ಹಾಗೆ ಉಬ್ಬಿತು. ನನಗೆ ನಿನ್ನಣ್ಣ ಕಂಡ. ಎಳೆದದ್ದರಿಂದ ಅಲ್ಲ, ನಡುವೆ ಬಿಟ್ಟದ್ದರಿಂದಲೇ ಅವನಿಗೆ ಹಾಗಾಯಿತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಆ ಸುಳ್ಳು ನನಗೆ ಬೇಕಾಗಿತ್ತು. ನೀನು ಕೈ ಹಿಡಿದು ತಡೆದಾಗ ಕೋಪ ಬಂದದ್ದು ಅದಕ್ಕೇ. ನಾನು ಮೂವತ್ತು ವರ್ಷದ ಹಿಂದೆ ಹಾಗೆ ಯಾರಿಗಾದರೂ ಎದುರು ಮಾತಾಡಿದ್ದರೆ! ನಿನಗೆ ಆ ಧೈರ್ಯ ಇದೆ. ಹೆಮ್ಮೆಯಾಗುತ್ತದೆ, ಸಿಟ್ಟೂ ಬರುತ್ತದೆ.

ಉಬ್ಬುವುದು ಈ ವಯಸ್ಸಿನಲ್ಲಿ ಸಾಮಾನ್ಯವಂತೆ. ನೋವಿಲ್ಲದಿದ್ದರೆ, ಧಾರೆ ಚೆನ್ನಾಗಿದ್ದರೆ ಸುಮ್ನೆ ಬಿಡಬೇಕು. ಚರ್ಮದ ಕೆಳಗೆ ಬಿಳಿ ಮುತ್ತಿನಂಥದ್ದು ಕಂಡರೆ ಕೀವಲ್ಲ, ಉದುರಿದ ಚರ್ಮದ ಕಣಗಳು. ಹೊರಗಿನಿಂದ ನೀರು ಹಾಕಿ ತೊಳೆದರೆ ಸಾಕು, ಒಳಗೆ ಸೋಪು ಬೇಡ. ಇವೆಲ್ಲ ನಿನಗೆ ಗೊತ್ತಿರುತ್ತದೆ.

ಆದರೆ ನನಗೆ ಈಗ ಬೇರೆ ಭಯ. "ತಾನಾಗೇ ಸರಿಹೋಗುತ್ತೆ, ಮುಟ್ಟಬೇಡಿ" ಅಂದೆಯಲ್ಲ. ಮುಟ್ಟಬೇಡ, ಸರಿ. ಕೇಳುವುದನ್ನೂ ಬಿಟ್ಟುಬಿಡಬೇಡ. ಉಚ್ಚೆ ಮಾಡುವಾಗ ಅತ್ತರೆ, ಧಾರೆ ಎಳೆಯಾದರೆ, ತುದಿ ಕೆಂಪಗೆ ಊದಿ ಕೀವು ಬಂದರೆ, ಕಾರಣ ತಿಳಿಯದ ಜ್ವರ ಬಂದರೆ ತೋರಿಸು. ತುದಿಯ ಚರ್ಮ ಬೆಳ್ಳಗೆ ಗಟ್ಟಿಯಾಗಿ ಬಿರುಕು ಬಿಟ್ಟರೆ, ಅಥವಾ ಮೊದಲು ಸರಿಯುತ್ತಿದ್ದದ್ದು ಆಮೇಲೆ ಸರಿಯದಿದ್ದರೆ ತಡ ಮಾಡಲೇಬೇಡ, ಅದು ತಾನಾಗೇ ಹೋಗುವ ಬಿಗಿ ಅಲ್ಲ. ಡಾಕ್ಟರ್ ಅಂದರೆ ಕತ್ತರಿ ಅಂತಲೂ ಹೆದರಬೇಡ. ಸಾಮಾನ್ಯವಾಗಿ ಮೊದಲು ಸ್ಟಿರಾಯ್ಡ್ ಮುಲಾಮು ಕೊಡುತ್ತಾರೆ. ಬಿಗಿ ಇರುವ ಕಡೆ ತೆಳ್ಳಗೆ, ದಿನಕ್ಕೆ ಎರಡು ಸಲ, 4ರಿಂದ 8 ವಾರ. ಹೆಚ್ಚಿನವರಿಗೆ ಅಷ್ಟರಲ್ಲೇ ಸಡಿಲವಾಗುತ್ತದೆ. ಆಪರೇಷನ್ ಬೇಕಾದರೂ ಚರ್ಮ ಪೂರ್ತಿ ತೆಗೆಯದೆ ಬಿಗಿ ಮಾತ್ರ ಬಿಡಿಸುವ ವಿಧಾನವೂ ಉಂಟು.

ಇನ್ನೊಂದು. ಹಿಂದೆ ಸರಿದ ಚರ್ಮ ಅಲ್ಲೇ ಸಿಕ್ಕಿಕೊಂಡು, ಮುಂದಕ್ಕೆ ಬಾರದೆ ತುದಿ ಊದಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡ. ಆ ಗಳಿಗೆಯಲ್ಲೇ ಆಸ್ಪತ್ರೆ. ಪ್ಯಾರಾಫೈಮೋಸಿಸ್ ಅನ್ನುತ್ತಾರೆ. ರಕ್ತ ಓಡಾಟ ನಿಂತುಹೋಗಬಹುದು. ಈಗಲ್ಲ, ದೊಡ್ಡ ಹುಡುಗನಾದ ಮೇಲೆ ಇದು ಅವನಿಗೇ ಗೊತ್ತಿರಬೇಕು. ಹಿಂದೆ ಸರಿಸಿದ್ದನ್ನು ಮುಂದಕ್ಕೆ ತರಬೇಕು ಅಂತ ಅವನಪ್ಪ ಹೇಳಿಕೊಡಲಿ. ಅಳಿಯಂದಿರು ನಾಚಿಕೊಂಡರೆ ನೀನೇ ಹೇಳು. ಗಂಡಸರು ನಾಚಿಕೆಯಲ್ಲೇ ಅರ್ಧ ಆಯುಷ್ಯ ಕಳೆಯುತ್ತಾರೆ. ದೊಡ್ಡವರಿಗೆ ಹೊಸದಾಗಿ ಬಿಗಿಯಾದರೆ ಸಕ್ಕರೆ ಕಾಯಿಲೆ ಇದೆಯಾ ಅಂತಲೂ ನೋಡುತ್ತಾರೆ, ಅದನ್ನೂ ಅವರ ಕಿವಿಗೆ ಹಾಕಿರು.

ನೋಡು, ಪಾಠ ಜಾಸ್ತಿಯಾಯಿತು. ಕ್ಷಮಿಸು ಅಂತ ಬರೆಯಲು ಕೂತವಳು ನಾನು. ಬರೆದೆನಾ? ಇಲ್ಲ ಅನ್ನಿಸುತ್ತದೆ. ಕ್ಷಮಿಸು. ಮಗುವಿಗೆ ನೋವಾಯಿತೇನೋ ಅಂತ ಮೂರು ರಾತ್ರಿಯಿಂದ ನಿದ್ದೆ ಇಲ್ಲ.

ಭಾನುವಾರ ಅಣ್ಣ ಬರುತ್ತಾನೆ. ಆ "ಇಲ್ಲ" ಅಂದದ್ದನ್ನು ಅವನಿಗೆ ನಾನೇ ಹೇಳಬೇಕು. ಅಲ್ಲಿಯವರೆಗೆ ಈ ಪತ್ರ ಅವನಿಗೆ ತೋರಿಸಬೇಡ. ಹೇಗೆ ಶುರು ಮಾಡಲಿ ಅಂತ ಇನ್ನೂ ಗೊತ್ತಿಲ್ಲ. ಬಹುಶಃ ನಲ್ಲಿಯಿಂದಲೇ.

ಮಗುವಿನ ಹಳದಿ ಚಡ್ಡಿ ಇಲ್ಲೇ ಉಳಿದಿದೆ. ಒಗೆದು ಮಡಚಿಟ್ಟಿದ್ದೇನೆ.

ಅಮ್ಮ