ಮೊದಲೆರಡು ಗೇಮ್

ಬೆಳಗಾವಿ
ಭಾನುವಾರ ರಾತ್ರಿ

ಅವ್ವೀ,

ನಿನ್ನೆ ಮಾತಿನ ನಡುವೆಯೇ ಫೋನ್ ಇಟ್ಟುಬಿಟ್ಟೆ. ಚಾರ್ಜ್ ಮುಗಿಯಿತು ಅಂತ ಆಮೇಲೆ ಮೆಸೇಜ್ ಹಾಕಿದ್ದು ಸುಳ್ಳು. ನನಗೆ ಮಾತೇ ಹೊರಡಲಿಲ್ಲ. ಏನಂತೆ ಅಂತ ನಿಮ್ಮವ್ವ ಎರಡು ಸಲ ಕೇಳಿದಳು. ಸೋತಳಂತೆ ಅಂದೆ, ಅಷ್ಟೇ. ಗೆದ್ದ ವಿಷಯ ಹೇಳಲಿಲ್ಲ.

ಮೊದಲು ಸೋಲಿನ ಮಾತು ಮುಗಿಸುತ್ತೇನೆ. ನಿನ್ನ ನೈನ್-ಬಾಲ್ ಪೂಲ್ ಮ್ಯಾಚಿನಲ್ಲಿ ಮೊದಲು ಏಳು ಗೇಮ್ ಗೆದ್ದವರು ಮುಂದಿನ ಸುತ್ತಿಗೆ. ನೀನು 6-4ರಲ್ಲಿ ಮುಂದಿದ್ದೆ, ಆಮೇಲೆ 6-6 ಆಯಿತು. ಕೊನೆಯ ಗೇಮಿನಲ್ಲಿ ಗೆಲುವಿನ ಒಂಬತ್ತನೇ ಬಾಲನ್ನು ಪಾಕೆಟ್‌ಗೆ ಹಾಕಿದೆ, ಅದರ ಹಿಂದೆಯೇ ಕೋಲಿನಿಂದ ಹೊಡೆಯುವ ವೈಟ್ ಬಾಲ್ ಕೂಡ ಪಾಕೆಟ್‌ಗೆ ಇಳಿಯಿತು. ಒಂಬತ್ತು ಮತ್ತೆ ಟೇಬಲ್ ಮೇಲೆ ಬಂತು, ವೈಟ್ ಎದುರಿನವಳ ಕೈಗೆ ಹೋಯಿತು. ನಿನ್ನ ಕೈ ಕೆಟ್ಟಿಲ್ಲ, ಅಲ್ಲಿನ ಟೇಬಲ್ ಬಟ್ಟೆ ಬೇರೆ. ನಮ್ಮಲ್ಲಿ ಜೂನ್‌ನಿಂದ ಮಳೆ, ಟೇಬಲ್ ಬಟ್ಟೆ ಥಂಡಿ ಹಿಡಿದು ಬಾಲ್ ಭಾರವಾಗಿ ಉರುಳುತ್ತದೆ. ನೀನು ಕಲಿತದ್ದು ಆ ಟೇಬಲ್ ಮೇಲೆ. ಹೊಸ ಬಟ್ಟೆಯ ಮೇಲೆ ಅದೇ ಹೊಡೆತಕ್ಕೆ ವೈಟ್ ಎಷ್ಟೋ ದೂರ ಓಡುತ್ತದೆ. ಇನ್ನು ಮುಂದೆ ಮ್ಯಾಚ್‌ಗೆ ಮೊದಲು ಐದು ನಿಮಿಷ ಸಿಕ್ಕರೂ ಸಾಕು, ಬಾಲ್ ಹಾಕುತ್ತಾ ಕೂರಬೇಡ. ಬರೀ ವೈಟ್ ಇಟ್ಟು ಆ ತುದಿಯ ಕುಷನ್‌ಗೆ ಹೊಡೆ. ಎಷ್ಟು ವಾಪಸ್ ಬರುತ್ತದೆ ನೋಡು. 2017ರಲ್ಲಿ ಸಿಂಗಪುರದಲ್ಲಿ ನಮ್ಮ ವಿದ್ಯಾ ಪಿಳ್ಳೈ ಮಹಿಳೆಯರ ವಿಶ್ವ ಸ್ನೂಕರ್ ಫೈನಲ್ ಸೋತದ್ದು 6-5ರಲ್ಲಿ, ಕೊನೆಯ ಫ್ರೇಮಿನಲ್ಲಿ. ಅಂಥವರಿಗೂ ಹಾಗಾಗುತ್ತದೆ. ಆ ಸೋಲಿಗೆ ನನಗೆ ಒಂಚೂರೂ ಬೇಜಾರಿಲ್ಲ.

ಆದರೆ ಅದೇ ರಾತ್ರಿ ಯಾರೋ ಹುಡುಗನ ಜೊತೆ ದುಡ್ಡಿಗೆ ಆಡಿ 12,000 ಗೆದ್ದೆ ಅಂದೆ. ನಗುತ್ತಾ ಹೇಳಿದೆ, "ಮೊದಲೆರಡು ಗೇಮ್ ಬೇಕಂತಲೇ ಬಿಟ್ಟುಕೊಟ್ಟೆ ಅಪ್ಪಾ."

ಇದನ್ನು ನಿನಗೆ ಯಾರು ಕಲಿಸಿದರು? ಕ್ಯೂ ಕೋಲು ಹಿಡಿಯುವುದು ಕಲಿಸಿದವನು ನಾನು. ಉದ್ಯಮಬಾಗದಲ್ಲಿ ಶಿಫ್ಟ್ ಮುಗಿದ ಮೇಲೆ ಲೇತ್ ಮುಂದೆ ನಿಂತು ನಿನ್ನ ಕ್ಯೂ ತುದಿಗೆ ಹಿತ್ತಾಳೆ ಫೆರುಲ್ ಮಾಡಿಕೊಟ್ಟವನೂ ನಾನೇ. ಈ ಒಂದು ವಿದ್ಯೆಯನ್ನು ಮಾತ್ರ ನಿನ್ನಿಂದ ಮುಚ್ಚಿಟ್ಟಿದ್ದೆ.

ನಿಮ್ಮವ್ವನ ಪಾಟ್ಲಿಯ ಕಥೆ ನಿನಗೆ ಗೊತ್ತೇ ಇದೆ, ಅದು ಬೇಡ. ಸೋತದ್ದನ್ನೆಲ್ಲ ಮನೆಯಲ್ಲಿ ಹೇಳಿದ್ದೇನೆ. ಹೇಳದೆ ಉಳಿದದ್ದು ಒಂದು ಗೆಲುವು.

2004ರ ಮಳೆಗಾಲ. ನೀನಿನ್ನೂ ಅಂಬೆಗಾಲಿಡುತ್ತಿದ್ದೆ. ಟಿಳಕವಾಡಿಯಲ್ಲಿ ಎರಡನೇ ಗೇಟ್ ಕಡೆ ಮಹಡಿ ಮೇಲೊಂದು ಕ್ಲಬ್ ಇತ್ತು, ಈಗಿಲ್ಲ. ಇಂಜಿನಿಯರಿಂಗ್ ಮೊದಲ ವರ್ಷದ ಹುಡುಗನೊಬ್ಬ ಬರುತ್ತಿದ್ದ, ಬಾಗಲಕೋಟೆ ಕಡೆಯವನು. ಬಾಲ್ ಚೆನ್ನಾಗಿ ಹಾಕುತ್ತಿದ್ದ. ಹಾಕಿದ ಮೇಲೆ ವೈಟ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ. ಮೂರು ದಿನ ಅವನನ್ನು ನೋಡಿಟ್ಟುಕೊಂಡೆ. ನಾಲ್ಕನೆಯ ದಿನ ಆಡೋಣ ಅಂದೆ. ಗೇಮಿಗೆ ನೂರರಂತೆ ಮೊದಲೆರಡು ಬಿಟ್ಟುಕೊಟ್ಟೆ. ಕೂದಲೆಳೆಯಲ್ಲಿ ತಪ್ಪಿತು ಅನ್ನುವ ಹಾಗೆ ತಪ್ಪಿಸುತ್ತಿದ್ದೆ. ಆಮೇಲೆ ಐನೂರು ಅಂದೆ, ಆಮೇಲೆ ಸಾವಿರ.

ಅವನು ಚಾಕ್ ಹಚ್ಚುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ಪ್ರತಿ ಹೊಡೆತಕ್ಕೂ ತಿಕ್ಕಿ ತಿಕ್ಕಿ, ನೀಲಿ ಪುಡಿ ಅವನ ಬಿಳಿ ಶೂ ಮೇಲೆ ಉದುರುತ್ತಿತ್ತು. ಕೊನೆಗೆ ಒಟ್ಟು 4,500. ಮಡಚಿದ ಕಾಗದದೊಳಗಿಂದ ನೋಟು ತೆಗೆದು ಎರಡು ಸಲ ಎಣಿಸಿ ಕೊಟ್ಟ. ಮೆಸ್ ದುಡ್ಡು ಅಂತ ಕ್ಲಬ್‌ನ ಟೇಬಲ್ ನೋಡಿಕೊಳ್ಳುವ ಮಾರ್ಕರ್‌ಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಟೇಬಲ್ ದುಡ್ಡು ಸೋತವನೇ ಕೊಡಬೇಕಲ್ವಾ? ಎರಡು ಗಂಟೆಯ ಬಾಡಿಗೆ 120 ರೂಪಾಯಿ. ಅವನ ಜೇಬಿನಲ್ಲಿ ಏನೂ ಉಳಿದಿರಲಿಲ್ಲ. "ಇರಲಿ ಬಿಡಪ್ಪಾ, ನಾನು ಕೊಡ್ತೀನಿ" ಅಂದೆ. ಅವನು ಕೊಟ್ಟ ನೋಟಿನಲ್ಲೇ ಎರಡು ತೆಗೆದು ಮಾರ್ಕರ್ ಕೈಗಿಟ್ಟು ಚಿಲ್ಲರೆ ಜೇಬಿಗೆ ಹಾಕಿಕೊಂಡೆ. "ಥ್ಯಾಂಕ್ಸ್ ರೀ ಅಣ್ಣಾ" ಅಂದ ಆ ಹುಡುಗ.

ಮನೆಗೆ ಮಳೆಯಲ್ಲಿ ನಡೆದೇ ಬಂದೆ. ಎಷ್ಟು ಖುಷಿಯಾಗಿತ್ತು ಗೊತ್ತಾ? ಗೆದ್ದದ್ದಕ್ಕಿಂತ ಜಾಸ್ತಿ ಖುಷಿ ಆ 120 ಕೊಟ್ಟದ್ದಕ್ಕೆ. ದೊಡ್ಡ ಮನಸ್ಸಿನವನು ನಾನು ಅಂತ ದಾರಿಯುದ್ದಕ್ಕೂ ಅನಿಸಿತ್ತು. ಅವನ ಮೆಸ್ ದುಡ್ಡಿನಲ್ಲೇ ಅವನಿಗೆ ಉಪಕಾರ ಮಾಡಿದ್ದೆ. ಹುಡುಗ ಆಮೇಲೆ ಕ್ಲಬ್‌ಗೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಒಂದು ಮಾತು ಮಾರ್ಕರ್‌ನ ಕೇಳಿದ್ದರೆ ಯಾವ ಹಾಸ್ಟೆಲ್ ಅಂತ ಗೊತ್ತಾಗುತ್ತಿತ್ತು. ಆ ದುಡ್ಡು ಹದಿನೈದು ದಿನವೂ ನಿಲ್ಲಲಿಲ್ಲ, ಕೊಲ್ಹಾಪುರದಿಂದ ಬಂದವನೊಬ್ಬ ನನಗೂ ಮೊದಲೆರಡು ಬಿಟ್ಟುಕೊಟ್ಟು ಎಲ್ಲ ಬಳಿದುಕೊಂಡು ಹೋದ. ಅದಕ್ಕೆ ದುಃಖವಿಲ್ಲ. ಆ 120 ರೂಪಾಯಿ ಮಾತ್ರ ಇವತ್ತಿಗೂ ಚುಚ್ಚುತ್ತದೆ. ನಿನ್ನೆ ರಾತ್ರಿಯೆಲ್ಲ ಅದೇ.

ಉಪದೇಶ ಮಾಡಬಾರದು ಅಂದುಕೊಂಡೇ ಬರೆಯಲು ಕೂತೆ. ಆದರೂ ಹೇಳುತ್ತೇನೆ, ಕೇಳು. ಟೂರ್ನಮೆಂಟಿನಲ್ಲಿ ಎದುರಾಳಿಯನ್ನು ನೀನು ಆರಿಸುವುದಿಲ್ಲ, ಡ್ರಾದಲ್ಲಿ ಬಂದವರ ಜೊತೆ ಆಡಬೇಕು. ದುಡ್ಡಿನ ಆಟದಲ್ಲಿ ಕಣ್ಣು ಮೊದಲು ಹುಡುಕುವುದೇ ತನಗಿಂತ ಕಡಿಮೆ ಆಡುವವರನ್ನು. ಹಾಗೆ ಆಡಿ ಆಡಿ ಆಟ ಅಲ್ಲೇ ನಿಂತುಬಿಡುತ್ತದೆ. ಬೇಕಂತ ತಪ್ಪಿಸಿದ ಕೈ ಬೇಡವಾದಾಗಲೂ ತಪ್ಪುತ್ತದೆ. ನನ್ನ ಕೈ ಹಾಗೇ ಹೋಯಿತು. ಹುಬ್ಬಳ್ಳಿಯಲ್ಲಿ ಒಮ್ಮೆ ಫೈನಲ್‌ವರೆಗೆ ಹೋದವನು, ಆಮೇಲೆ ಎರಡನೇ ಸುತ್ತು ದಾಟಲಿಲ್ಲ.

ಹುಡುಗಿ ಕ್ಲಬ್‌ಗೆ ಹೋಗುತ್ತಾಳಂತೆ ಅಂತ ನಿನ್ನ ಆಯಿಯಿಂದ ಹಿಡಿದು ಓಣಿಯವರವರೆಗೆ ಎಲ್ಲರೂ ಆಡಿಕೊಂಡಾಗ ನಾನು ಎಷ್ಟು ಜಗಳ ಆಡಿದ್ದೇನೆ! ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದಲ್ಲಿ, ನಮ್ಮ ಕ್ಯಾಂಪ್‌ನಂಥ ಮಿಲಿಟರಿ ಜಾಗದಲ್ಲಿ ಅಂದೆ. ಇದು ಜೂಜಲ್ಲ, ಆಟ ಅಂದೆ. ನಿನ್ನನ್ನು ನಂಬಿಯೇ ಅಂದೆ.

ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಬಿಟ್ಟುಕೊಟ್ಟೆ ಅಂತ ನೀನು ಅಂದ ಕೂಡಲೇ ಒಂದು ಕ್ಷಣ ಹೆಮ್ಮೆಯಾಯಿತು. ಎದುರಿನವನಿಗೆ ತಿಳಿಯದ ಹಾಗೆ ತಪ್ಪಿಸಬೇಕಾದರೆ ಕೈ ಎಷ್ಟು ಹಿಡಿತದಲ್ಲಿರಬೇಕು, ನನಗೆ ಗೊತ್ತು. ಆ ಹೆಮ್ಮೆಗೇ ಹೆದರಿ ಫೋನ್ ಇಟ್ಟೆ. ತಪ್ಪು ನಿನ್ನದಾಗಿರಲಿಲ್ಲ, ಬೈಯುವ ಬಾಯೂ ನನಗಿರಲಿಲ್ಲ. ಹಾಗೆ ಇಟ್ಟದ್ದಕ್ಕೆ ಕ್ಷಮಿಸು.

ದುಡ್ಡು ವಾಪಸ್ ಕೊಡು ಅಂತ ಯಾವ ಬಾಯಲ್ಲಿ ಹೇಳಲಿ? ನಾನೇ ಕೊಟ್ಟಿಲ್ಲ. ಆದರೆ ನೀನು ಸೋಲಿಸಿದ ಹುಡುಗ ಇನ್ನೂ ಅಲ್ಲಿಗೆ ಬರುತ್ತಿರಬಹುದು.

ಈ ಪತ್ರದ ಜೊತೆ ಕುಂದಾ ಡಬ್ಬಿ ಇದೆ, ಕ್ಯೂಗೆ ಹೊಸ ಟಿಪ್ ಎರಡಿವೆ. ನಿಮ್ಮವ್ವ ಚಟ್ನಿಪುಡಿ ಕಟ್ಟಿದ್ದಾಳೆ. ಮುಂದಿನ ಟೂರ್ನಮೆಂಟಿಗೆ ರಾಣಿ ಚೆನ್ನಮ್ಮ ರೈಲು ಹತ್ತಿ ನಾನೇ ಬರುತ್ತೇನೆ, ಬೇಡ ಅನ್ನಬೇಡ. ನಾಳೆ ಶಿಫ್ಟ್ ಮುಗಿದ ಮೇಲೆ ಫೋನ್ ಮಾಡುತ್ತೇನೆ. ಎಲ್ಲ ಹೇಳಿದೆ, ಒಂದು ಹೇಳಲಿಲ್ಲ ನೀನು. ಅವತ್ತು ಟೇಬಲ್ ದುಡ್ಡು ಯಾರು ಕೊಟ್ಟರು?

ನಿನ್ನ ಅಪ್ಪ